ವೈನ್ ಆಸ್ವಾದನೆ

ವೈನ್ ಆಸ್ವಾದನೆ ಅಥವಾ ದ್ರಾಕ್ಷಾರಸದ ರುಚಿಪರೀಕ್ಷೆ ಎಂಬುದು ದ್ರಾಕ್ಷಿಯ ರಸವನ್ನು ಹುದುಗಿಸಿ ತಯಾರಿಸಿದ ಪಾನೀಯದ ಬಣ್ಣ, ಪರಿಮಳ, ರುಚಿ ಹಾಗೂ ಬಾಯಿಯಲ್ಲಿ ಉಳಿಯುವ ಅನುಭವವನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಪದ್ಧತಿ. ವೈನ್ ತಯಾರಕರು, ವ್ಯಾಪಾರಿಗಳು ಮತ್ತು ತೀರ್ಪುಗಾರರು ಇದನ್ನು ವೃತ್ತಿಯ ಭಾಗವಾಗಿ ಅನುಸರಿಸುತ್ತಾರೆ. ಹವ್ಯಾಸಿಗಳು ಬಿಡುವಿನ ಸಂಜೆ ನಾಲ್ಕಾರು ಮಂದಿ ಸೇರಿ ಬೇರೆ ಬೇರೆ ದೇಶಗಳ ವೈನ್‌ಗಳನ್ನು ಹೋಲಿಸಿ ನೋಡುವುದೂ ಇದೆ. ಈ ಪದ್ಧತಿಯ ಮಾನದಂಡಗಳು ಬಹುಮಟ್ಟಿಗೆ ಯೂರೋಪಿನಲ್ಲಿ ರೂಪುಗೊಂಡವು. ಕರ್ನಾಟಕದಲ್ಲಿ, ವಿಶೇಷವಾಗಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳನ್ನು ಒಳಗೊಂಡ ನಂದಿ ಕಣಿವೆ ಪ್ರದೇಶದಲ್ಲಿ, ಈ ಮಾನದಂಡಗಳು ಯಾವ ದ್ರಾಕ್ಷಿ ತಳಿಗೆ ಯಾವ ಬೆಲೆ ಎಂಬ ಪ್ರಶ್ನೆಯೊಂದಿಗೂ ಸಂಬಂಧ ಹೊಂದಿವೆ.

ಪರಿಭಾಷೆ

ಕನ್ನಡದಲ್ಲಿ ವೈನ್‌ಗೆ 'ದ್ರಾಕ್ಷಾರಸ' ಎಂಬ ಪದವೂ ಬಳಕೆಯಲ್ಲಿದೆ. ಸರ್ಕಾರಿ ಪ್ರಕಟಣೆಗಳಲ್ಲಿ ಹಾಗೂ ಪತ್ರಿಕೆಗಳಲ್ಲಿ 'ದ್ರಾಕ್ಷಾರಸ ಮಂಡಳಿ', 'ದ್ರಾಕ್ಷಾರಸ ಉತ್ಸವ' ಎಂಬ ಪ್ರಯೋಗಗಳು ಕಾಣುತ್ತವೆ. ಹುದುಗಿಸದ ಹಣ್ಣಿನ ರಸಕ್ಕೂ ಇದೇ ಪದ ಅನ್ವಯಿಸಬಹುದಾದ್ದರಿಂದ, ಗೊಂದಲ ತಪ್ಪಿಸಲು ಈ ಲೇಖನದಲ್ಲಿ ವೈನ್ ಎಂಬ ಪದವನ್ನೇ ಬಳಸಲಾಗಿದೆ. ಆಯುರ್ವೇದದ ದ್ರಾಕ್ಷಾರಿಷ್ಟವೂ ದ್ರಾಕ್ಷಿಯಿಂದ ಹುದುಗಿಸಿ ತಯಾರಿಸುವ ಪದಾರ್ಥವೇ ಆದರೂ ಅದು ಔಷಧ ವರ್ಗಕ್ಕೆ ಸೇರಿದೆ.

ರುಚಿಯನ್ನು ವರ್ಣಿಸಲು ಕನ್ನಡದಲ್ಲಿ ಸಿದ್ಧ ಶಬ್ದಸಂಪತ್ತು ಇದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಷಡ್ರಸಗಳಲ್ಲಿ ಕಡೆಯದಾದ ಒಗರು ವೈನ್ ಆಸ್ವಾದನೆಯಲ್ಲಿ ಮುಖ್ಯವಾದುದು. ಕೆಂಪು ವೈನಿನಲ್ಲಿರುವ ಟ್ಯಾನಿನ್ ಎಂಬ ವಸ್ತುಗಳು ಜೊಲ್ಲಿನ ಪ್ರೋಟೀನುಗಳೊಂದಿಗೆ ಕೂಡಿಕೊಂಡು ನಾಲಿಗೆ ಮತ್ತು ಒಸಡುಗಳನ್ನು ಹಿಡಿದಂತೆ ಮಾಡುತ್ತವೆ. ನೇರಳೆ ಹಣ್ಣು, ಎಳೆಯ ಬಾಳೆಕಾಯಿ ಅಥವಾ ಅಡಿಕೆಯನ್ನು ತಿಂದಾಗ ಆಗುವ ಅನುಭವವೂ ಇದೇ ಬಗೆಯದು.

ಇತಿಹಾಸ

ಮದ್ಯ ಮತ್ತು ಪಾನೀಯಗಳ ಗುಣವಿವೇಚನೆ ಪ್ರಾಚೀನವಾದುದು. ಕಲ್ಯಾಣ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಆಹಾರದೊಂದಿಗೆ ಪಾನೀಯಗಳ ವಿವರಣೆಯೂ ಇದೆ.

ಯೂರೋಪಿನಲ್ಲಿ ವೈನಿನ ಗುಣವನ್ನು ಅದು ಹುಟ್ಟಿದ ಊರಿನೊಂದಿಗೆ ಜೋಡಿಸುವ ರೂಢಿ ಬೆಳೆಯಿತು. ಇಟಲಿಯ ಕಿಯಾಂಟಿ ಪ್ರದೇಶದ ಗಡಿಗಳನ್ನು 1716ರಲ್ಲಿ, ಪೋರ್ಚುಗಲ್ಲಿನ ಡೋರು ಕಣಿವೆಯ ಗಡಿಗಳನ್ನು 1756ರಲ್ಲಿ ಅಧಿಕೃತವಾಗಿ ಗುರುತಿಸಲಾಯಿತು. ಫ್ರಾನ್ಸಿನ ಬೋರ್ಡೊ ಪ್ರದೇಶದ ಪ್ರಸಿದ್ಧ ತೋಟಗಳ ಶ್ರೇಣೀಕರಣ 1855ರಲ್ಲಿ ನಡೆಯಿತು. 1935ರಲ್ಲಿ ಫ್ರಾನ್ಸ್ ಊರಿನ ಹೆಸರುಗಳಿಗೆ ಕಾನೂನಿನ ರಕ್ಷಣೆ ನೀಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಭಾರತದಲ್ಲಿ ಇದಕ್ಕೆ ಸಮಾನವಾದ ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದಿತು.

20ನೆಯ ಶತಮಾನದಲ್ಲಿ ಆಸ್ವಾದನೆಗೆ ಶಾಸ್ತ್ರೀಯ ಸ್ವರೂಪ ದೊರೆಯಿತು. ಲಂಡನ್ನಿನಲ್ಲಿ 1953ರಲ್ಲಿ 'ಮಾಸ್ಟರ್ ಆಫ್ ವೈನ್' ಪರೀಕ್ಷೆ ಆರಂಭವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ವಿಜ್ಞಾನಿ ಆ್ಯನ್ ನೋಬಲ್ 1984ರಲ್ಲಿ ಪರಿಮಳಗಳನ್ನು ಹಣ್ಣು, ಹೂವು, ಸಂಬಾರ, ಮಣ್ಣು ಮುಂತಾಗಿ ವರ್ಗೀಕರಿಸುವ 'ಪರಿಮಳ ಚಕ್ರ'ವನ್ನು ರೂಪಿಸಿದರು. ಭಾರತದಲ್ಲಿ ನೆಲೆಸಿದವರ ಪೈಕಿ ಮಾಸ್ಟರ್ ಆಫ್ ವೈನ್ ಪದವಿಯನ್ನು ಮೊದಲು ಪಡೆದವರು ಸೋನಾಲ್ ಹಾಲೆಂಡ್ (2016).

ವಿಧಾನ

ಆಸ್ವಾದನೆ ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

ನೋಟ: ಗ್ಲಾಸನ್ನು ಬಿಳಿಯ ಕಾಗದ ಅಥವಾ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಬಣ್ಣ ಮತ್ತು ತಿಳಿಯನ್ನು ನೋಡುತ್ತಾರೆ. ಕೆಂಪು ವೈನ್ ಹಳೆಯದಾದಂತೆ ನೇರಳೆ ಛಾಯೆ ಕಳೆದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಿಳಿ ವೈನ್ ಹಳೆಯದಾದಂತೆ ಗಾಢ ಹಳದಿಯಾಗುತ್ತದೆ.

ಪರಿಮಳ: ಮೊದಲು ಹಾಗೆಯೇ, ಬಳಿಕ ಗ್ಲಾಸನ್ನು ಮೆಲ್ಲನೆ ತಿರುಗಿಸಿ ಮೂಸಿ ನೋಡುತ್ತಾರೆ. ತಿರುಗಿಸಿದಾಗ ವೈನ್ ಗಾಳಿಯೊಂದಿಗೆ ಬೆರೆತು ಆವಿಯಾಗುವ ಪರಿಮಳ ವಸ್ತುಗಳು ಹೆಚ್ಚಾಗಿ ಹೊರಬರುತ್ತವೆ.

ರುಚಿ: ಒಂದು ಗುಟುಕನ್ನು ಬಾಯಿಯಲ್ಲಿ ಕೆಲವು ಕ್ಷಣ ಇರಿಸಿಕೊಂಡು ಸಿಹಿ, ಹುಳಿ, ಒಗರು, ಮದ್ಯಸಾರದ ಬಿಸಿ ಮತ್ತು ಒಟ್ಟು ಗಟ್ಟಿತನವನ್ನು ಗಮನಿಸುತ್ತಾರೆ. 'ರುಚಿ' ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ವಾಸ್ತವದಲ್ಲಿ ಪರಿಮಳವೇ ಆಗಿದ್ದು, ಅದು ಗಂಟಲಿನ ಹಿಂಭಾಗದಿಂದ ಮೂಗನ್ನು ತಲುಪುತ್ತದೆ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದಕ್ಕೆ ಇದೇ ಕಾರಣ.

ನಿರ್ಣಯ: ನುಂಗಿದ ಅಥವಾ ಉಗಿದ ನಂತರ ರುಚಿ ಎಷ್ಟು ಹೊತ್ತು ಉಳಿಯಿತು, ಅಂಶಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂಬುದನ್ನು ಬರೆದಿಡುತ್ತಾರೆ. ಹಲವು ವೈನ್‌ಗಳನ್ನು ನೋಡಬೇಕಾದ ವೃತ್ತಿಪರರು ನುಂಗದೆ ಪಾತ್ರೆಗೆ ಉಗಿಯುವುದು ರೂಢಿ. ಅದನ್ನು ಅಸಭ್ಯವೆಂದು ಭಾವಿಸುವುದಿಲ್ಲ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1977ರಲ್ಲಿ ನಿಗದಿಪಡಿಸಿದ ಆಸ್ವಾದನೆಯ ಗ್ಲಾಸ್ ಸುಮಾರು 215 ಮಿಲಿಲೀಟರ್ ಹಿಡಿಯುತ್ತದೆ. ಅದರಲ್ಲಿ 50 ಮಿಲಿಲೀಟರ್ ಮಾತ್ರ ಸುರಿಯಲಾಗುತ್ತದೆ. ಉಳಿದ ಜಾಗ ಪರಿಮಳ ಸಂಗ್ರಹವಾಗಲೆಂದು ಬಿಟ್ಟದ್ದು. ಬಿಳಿ ವೈನ್ 8ರಿಂದ 12 ಡಿಗ್ರಿ ಸೆಲ್ಸಿಯಸ್, ಕೆಂಪು ವೈನ್ 15ರಿಂದ 18 ಡಿಗ್ರಿ ಉಷ್ಣಾಂಶದಲ್ಲಿರಬೇಕು. ಪುಸ್ತಕಗಳಲ್ಲಿ ಕೆಂಪು ವೈನನ್ನು 'ಕೋಣೆಯ ಉಷ್ಣಾಂಶ'ದಲ್ಲಿ ನೀಡಬೇಕೆಂದು ಹೇಳಿರುವುದು ಚಳಿದೇಶದ ಕೋಣೆಯನ್ನು ಕುರಿತದ್ದು. ಬಯಲುಸೀಮೆಯ ಬೇಸಿಗೆಯಲ್ಲಿ ಕೆಂಪು ವೈನನ್ನೂ ಸ್ವಲ್ಪ ಹೊತ್ತು ತಂಪುಪೆಟ್ಟಿಗೆಯಲ್ಲಿಡಬೇಕಾಗುತ್ತದೆ. ಇಲ್ಲವಾದರೆ ಮದ್ಯಸಾರದ ಘಾಟು ಮುಂದಾಗಿ ಉಳಿದ ಗುಣಗಳು ಮರೆಯಾಗುತ್ತವೆ.

ದೋಷಗಳನ್ನು ಗುರುತಿಸುವುದೂ ಆಸ್ವಾದನೆಯ ಉದ್ದೇಶ. ಒದ್ದೆ ರಟ್ಟು ಅಥವಾ ಮುಗ್ಗಲು ಹಿಡಿದ ಕಾಗದದ ವಾಸನೆ ಬಂದರೆ ಬಿರಡೆಯಿಂದ ಬಂದ ದೋಷವೆಂದೂ, ವಿನೆಗರ್ ವಾಸನೆ ಬಂದರೆ ಬ್ಯಾಕ್ಟೀರಿಯಾಗಳಿಂದ ಅಸಿಟಿಕ್ ಆಮ್ಲ ಹೆಚ್ಚಿದೆಯೆಂದೂ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಗುಲಿ ಕೆಟ್ಟಿದೆಯೆಂದೂ ತಿಳಿಯಲಾಗುತ್ತದೆ.

ಹೋಲಿಕೆಗೆ ಬಳಸುವ ಐರೋಪ್ಯ ವೈನ್‌ಗಳು

ಐರೋಪ್ಯ ಬಾಟಲಿಗಳ ಮೇಲೆ ಹೆಚ್ಚಾಗಿ ಊರಿನ ಹೆಸರಿರುತ್ತದೆ. ಭಾರತ, ಅಮೆರಿಕ, ಆಸ್ಟ್ರೇಲಿಯಾಗಳ ಬಾಟಲಿಗಳ ಮೇಲೆ ಹೆಚ್ಚಾಗಿ ದ್ರಾಕ್ಷಿ ತಳಿಯ ಹೆಸರಿರುತ್ತದೆ. ಆದ್ದರಿಂದ ಹೊಸಬರು ಮೊದಲು ಊರಿಗೂ ತಳಿಗೂ ಇರುವ ಸಂಬಂಧವನ್ನು ತಿಳಿಯಬೇಕಾಗುತ್ತದೆ.

• ಶಾಂಪೇನ್ (ಫ್ರಾನ್ಸ್): ಬಾಟಲಿಯೊಳಗೆ ಎರಡನೆಯ ಬಾರಿ ಹುದುಗಿಸುವುದರಿಂದ ಗುಳ್ಳೆಗಳಿರುವ ವೈನ್. ಶಾಂಪೇನ್ ಪ್ರದೇಶದಲ್ಲಿ ತಯಾರಾದುದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ.
• ಮೋಸೆಲ್ (ಜರ್ಮನಿ): ರೀಸ್ಲಿಂಗ್ ತಳಿಯ ಬಿಳಿ ವೈನ್. ಹುಳಿ ಹೆಚ್ಚು, ಮದ್ಯಸಾರ ಕಡಿಮೆ. ಹಲವು ಬಾರಿ ತುಸು ಸಿಹಿಯಿರುತ್ತದೆ.
• ಬರ್ಗಂಡಿ (ಫ್ರಾನ್ಸ್): ಬಿಳಿಯದಕ್ಕೆ ಶಾರ್ಡೊನೆ, ಕೆಂಪಿಗೆ ಪಿನೋ ನ್ವಾರ್. ಕೆಂಪು ವೈನ್ ತಿಳಿಬಣ್ಣದ್ದು, ಒಗರು ಕಡಿಮೆ.
• ಕಿಯಾಂಟಿ (ಇಟಲಿ): ಸಾಂಜೊವೇಸೆ ತಳಿ. ಹುಳಿ ಎದ್ದು ಕಾಣುವುದರಿಂದ ಟೊಮೆಟೊ ಹಾಕಿದ ಅಡುಗೆಗೆ ಒಗ್ಗುತ್ತದೆ.
• ರಿಯೋಹಾ (ಸ್ಪೇನ್): ಟೆಂಪ್ರಾನಿಯೊ ತಳಿ. ಓಕ್ ಮರದ ಪೀಪಾಯಿಯಲ್ಲಿ ಇಟ್ಟಿರುವುದರಿಂದ ವೆನಿಲಾ ಮತ್ತು ಸಂಬಾರದ ಪರಿಮಳ ಬರುತ್ತದೆ.
• ಬೋರ್ಡೊ (ಫ್ರಾನ್ಸ್): ಕ್ಯಾಬರ್ನೆ ಸೋವಿನ್ಯೋಂ ಮತ್ತು ಮೆರ್ಲೊ ತಳಿಗಳ ಮಿಶ್ರಣ. ಒಗರು ಗಟ್ಟಿಯಾಗಿದ್ದು, ಉತ್ತಮವಾದವು ಹಲವು ವರ್ಷ ಬಾಳುತ್ತವೆ.
• ಪೋರ್ಟ್ (ಪೋರ್ಚುಗಲ್): ಹುದುಗುವಿಕೆಯ ನಡುವೆ ದ್ರಾಕ್ಷಿಯ ಮದ್ಯಸಾರ ಸೇರಿಸಿ ಸಕ್ಕರೆಯನ್ನು ಉಳಿಸಿಕೊಂಡ ಸಿಹಿಯಾದ, ಬಲವಾದ ವೈನ್.

ಮೇಲಿನ ಪಟ್ಟಿ ರುಚಿ ನೋಡುವ ಕ್ರಮವನ್ನೂ ಸೂಚಿಸುತ್ತದೆ. ಹಗುರವಾದುದರ ನಂತರ ಗಟ್ಟಿಯಾದುದು, ಬಿಳಿಯದರ ನಂತರ ಕೆಂಪು, ಕಡೆಯಲ್ಲಿ ಸಿಹಿ ಎಂಬುದು ಸಾಮಾನ್ಯ ನಿಯಮ. ಪಾಯಸ ತಿಂದ ನಂತರ ಮಾವಿನ ಹಣ್ಣು ಹುಳಿಯೆನಿಸುವಂತೆ, ಸಿಹಿ ವೈನಿನ ನಂತರ ಸಿಹಿಯಿಲ್ಲದ ವೈನ್ ಹುಳಿಯಾಗಿಯೂ ಕಹಿಯಾಗಿಯೂ ತೋರುತ್ತದೆ. ಮೋಸೆಲ್‌ನ ಬಾಟಲಿ ಸಿಹಿಯಾದ ಬಗೆಯದಾಗಿದ್ದರೆ ಅದನ್ನೂ ಕಡೆಗೆ ಇರಿಸಿಕೊಳ್ಳಬೇಕು.

ಗೆಳೆಯರ ಕೂಟಗಳು

ಭಾರತದಲ್ಲಿ ಆಮದು ವೈನಿನ ಮೇಲೆ ದೀರ್ಘಕಾಲ ಶೇಕಡಾ 150ರಷ್ಟು ಮೂಲ ಸುಂಕವಿತ್ತು. ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆಯೂ ಸೇರುತ್ತದೆ. ಹೀಗಾಗಿ ಐರೋಪ್ಯ ಬಾಟಲಿಗಳನ್ನು ಒಬ್ಬರೇ ಕೊಳ್ಳುವುದಕ್ಕಿಂತ ಹಲವರು ಹಣ ಹಾಕಿ ಹಂಚಿಕೊಳ್ಳುವುದು ಅನುಕೂಲ. 750 ಮಿಲಿಲೀಟರಿನ ಒಂದು ಬಾಟಲಿಯಿಂದ 50 ಮಿಲಿಲೀಟರಿನ 15 ಪಾಲುಗಳು ದೊರೆಯುತ್ತವೆ.

ಇಂತಹ ಕೂಟಗಳಲ್ಲಿ ಎರಡು ಬಗೆಯ ಹೋಲಿಕೆ ಸಾಮಾನ್ಯ. ಒಂದೇ ವರ್ಷದ, ಬೇರೆ ಬೇರೆ ತಯಾರಕರ ವೈನ್‌ಗಳನ್ನು ನೋಡುವುದು 'ಅಡ್ಡ ಹೋಲಿಕೆ'. ಒಬ್ಬನೇ ತಯಾರಕನ ಬೇರೆ ಬೇರೆ ವರ್ಷಗಳ ವೈನ್‌ಗಳನ್ನು ನೋಡುವುದು 'ಉದ್ದ ಹೋಲಿಕೆ'. ಬಾಟಲಿಗಳಿಗೆ ಕಾಗದ ಸುತ್ತಿ, ಅಂಕಿ ಬರೆದು, ಹೆಸರು ತಿಳಿಯದಂತೆ ನೋಡುವುದನ್ನು 'ಕುರುಡು ಪರೀಕ್ಷೆ' ಎನ್ನುತ್ತಾರೆ. ಪ್ರತಿಯೊಬ್ಬರೂ ಮಾತನಾಡುವ ಮೊದಲು ತಮ್ಮ ಅಭಿಪ್ರಾಯವನ್ನು ಬರೆದಿಡಬೇಕು. ಇಲ್ಲವಾದರೆ ಮೊದಲು ಮಾತನಾಡಿದವರ ಮಾತೇ ಎಲ್ಲರ ಅಭಿಪ್ರಾಯವಾಗುತ್ತದೆ. ನಡುನಡುವೆ ಬಾಯಿ ಶುದ್ಧಿಗೆ ನೀರು ಮತ್ತು ಖಾರವಿಲ್ಲದ ಬ್ರೆಡ್ಡು ಅಥವಾ ಪುರಿ ಇದ್ದರೆ ಸಾಕು. ಅಗರಬತ್ತಿ, ಸುಗಂಧದ್ರವ್ಯ, ಹೂಮಾಲೆ, ಒಗ್ಗರಣೆಯ ಘಾಟು ಇರುವ ಕೋಣೆ ಪರೀಕ್ಷೆಗೆ ತಕ್ಕದ್ದಲ್ಲ.

ನಂದಿ ಕಣಿವೆ ಮತ್ತು ಕೋಲಾರ ಪ್ರದೇಶ

ಐರೋಪ್ಯ ವೈನ್ ತಳಿಗಳನ್ನು ಸಾಮಾನ್ಯವಾಗಿ 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಬೆಳೆಯಲಾಗುತ್ತದೆ. ಕೋಲಾರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಮೈಸೂರು ಪ್ರಸ್ಥಭೂಮಿಯ ಪೂರ್ವ ಅಂಚಿನ ಎತ್ತರದಲ್ಲಿರುವುದರಿಂದ ರಾತ್ರಿಗಳು ತಂಪಾಗಿರುತ್ತವೆ. ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಉಳಿಸಲು ಸಹಾಯಕ. ಇಲ್ಲಿನ ಕೆಂಪುಮಣ್ಣಿನಲ್ಲಿ ನೀರು ನಿಲ್ಲದೆ ಬಸಿದುಹೋಗುತ್ತದೆ.

ಯೂರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ಲು ನಡೆಯುತ್ತದೆ. ಇಲ್ಲಿ ಬಳ್ಳಿಗೆ ಅಂತಹ ವಿಶ್ರಾಂತಿ ದೊರೆಯುವುದಿಲ್ಲವಾದ್ದರಿಂದ ರೈತರು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ಕೊನೆಯಲ್ಲೊಮ್ಮೆ ಚಾಟನಿ ಮಾಡಿ ಬೆಳೆಯ ಕಾಲವನ್ನು ತಾವೇ ನಿಗದಿಪಡಿಸುತ್ತಾರೆ. ವೈನ್ ದ್ರಾಕ್ಷಿಯ ಕೊಯ್ಲು ಮಳೆಯಿಲ್ಲದ ಚಳಿಗಾಲದ ಕೊನೆ ಮತ್ತು ಬೇಸಿಗೆಯ ಆರಂಭದಲ್ಲಿ ನಡೆಯುತ್ತದೆ.

ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ತಯಾರಕ ಜಾರ್ಜ್ ವೆಸೆಲ್ ಅವರ ಸಹಕಾರದೊಂದಿಗೆ ಐರೋಪ್ಯ ತಳಿಗಳ ತೋಟವನ್ನು 1980ರ ದಶಕದಲ್ಲಿ ಆರಂಭಿಸಿದರು. ಮುಂದೆ ಬೋರ್ಡೊ ಪ್ರದೇಶದ ತಜ್ಞ ಮಿಶೆಲ್ ರೋಲಾಂ ಇದರ ಸಲಹೆಗಾರರಾದರು. ರಾಜ್ಯ ಸರ್ಕಾರ 2007ರಲ್ಲಿ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಂತರ ಇದರ ಅನುಷ್ಠಾನಕ್ಕಾಗಿ ಮಂಡಳಿಯೊಂದು ರಚನೆಯಾಯಿತು. ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದೂ ಅದೇ ವರ್ಷ. ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆ ಪ್ರತ್ಯೇಕವಾದದ್ದೂ 2007ರಲ್ಲಿಯೇ. ಆದ್ದರಿಂದ ಅದಕ್ಕೂ ಹಿಂದಿನ ದಾಖಲೆಗಳಲ್ಲಿ 'ಕೋಲಾರ ಜಿಲ್ಲೆಯ ದ್ರಾಕ್ಷಿ' ಎಂದಿದ್ದರೆ ಇಂದಿನ ಎರಡೂ ಜಿಲ್ಲೆಗಳನ್ನು ಸೇರಿಸಿ ಓದಬೇಕಾಗುತ್ತದೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೃಷಿ ಕೆರೆಗಳನ್ನೂ ಕೊಳವೆ ಬಾವಿಗಳನ್ನೂ ಅವಲಂಬಿಸಿದೆ. ಕೊಳವೆ ಬಾವಿಗಳನ್ನು ಹಲವೆಡೆ ಸಾವಿರ ಅಡಿಗೂ ಆಳಕ್ಕೆ ಕೊರೆಯಲಾಗಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರನ್ನು ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ದ್ರಾಕ್ಷಿ ಬಹುವಾರ್ಷಿಕ ಬೆಳೆ. ಚಪ್ಪರ ಹಾಕಲು ಕಲ್ಲುಕಂಬ, ತಂತಿಗಳ ದೊಡ್ಡ ವೆಚ್ಚವನ್ನು ರೈತ ಮೊದಲೇ ಮಾಡಬೇಕು. ಒಂದು ಬೆಳೆಗೆ ಬೆಲೆ ಸಿಗದಿದ್ದರೆ ಟೊಮೆಟೊದಂತೆ ಮುಂದಿನ ಬಾರಿ ಬೇರೆ ಬೆಳೆಗೆ ಹೊರಳಲು ಬರುವುದಿಲ್ಲ. ಹೀಗಾಗಿ ಯಾವ ತಳಿಯ ರುಚಿಗೆ ಮನ್ನಣೆ ದೊರೆಯುತ್ತದೆ ಎಂಬುದು ಇಲ್ಲಿನ ಬೆಳೆಗಾರರಿಗೆ ಜೀವನೋಪಾಯದ ವಿಷಯ.

ಬೆಂಗಳೂರು ಬ್ಲೂ ಮತ್ತು ಐರೋಪ್ಯ ಮಾನದಂಡ

ಈ ಪ್ರದೇಶದ ಸಾಂಪ್ರದಾಯಿಕ ತಳಿ ಬೆಂಗಳೂರು ಬ್ಲೂ. ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇದು ಅಮೆರಿಕದ ಕಾಡುದ್ರಾಕ್ಷಿಯ ಅಂಶವುಳ್ಳ ಇಸಾಬೆಲ್ಲಾ ತಳಿಯ ಬಳಗಕ್ಕೆ ಸೇರಿದ್ದು. ಸಿಪ್ಪೆ ದಪ್ಪ. ಹಣ್ಣನ್ನು ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಹಣ್ಣಾಗಿ ತಿನ್ನುವುದಲ್ಲದೆ ರಸ, ಜಾಮ್ ಮತ್ತು ಭಾರತದಲ್ಲಿ 'ಪೋರ್ಟ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಸಿಹಿ ವೈನ್ ತಯಾರಿಕೆಗೆ ಇದನ್ನು ಬಳಸುತ್ತಾರೆ.

ಇಂತಹ ತಳಿಗಳ ವಿಶಿಷ್ಟ ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ. ಮಲ್ಲಿಗೆಯ ಪರಿಮಳದಲ್ಲಿಯೂ ಈ ವಸ್ತು ಇದೆ. ಐರೋಪ್ಯ ಆಸ್ವಾದಕರು ಈ ಗುಣವನ್ನು 'ನರಿವಾಸನೆ' ಎಂದು ಕರೆದು ದೋಷಗಳ ಪಟ್ಟಿಗೆ ಸೇರಿಸಿದರು. 1860ರ ದಶಕದಿಂದ ಫೈಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ನಾಶಮಾಡಿದಾಗ ಅಮೆರಿಕದ ಬೇರಿಗೆ ಐರೋಪ್ಯ ಬಳ್ಳಿಯನ್ನು ಕಸಿ ಮಾಡಿ ಅಲ್ಲಿನ ಉದ್ಯಮವನ್ನು ಉಳಿಸಲಾಯಿತು. ಅದೇ ಫ್ರಾನ್ಸ್ 1934ರ ಕಾನೂನಿನಲ್ಲಿ ಇಸಾಬೆಲ್ಲಾ ಸೇರಿದಂತೆ ಅಮೆರಿಕದ ಮೂಲದ ಆರು ತಳಿಗಳನ್ನು ನಿಷೇಧಿಸಿತು. ರುಚಿಯ ಆಕ್ಷೇಪದೊಂದಿಗೆ, ಆಗ ವೈನ್ ಬೇಡಿಕೆಗಿಂತ ಹೆಚ್ಚಾಗಿ ಉತ್ಪಾದನೆಯಾಗುತ್ತಿದ್ದುದೂ ಇದಕ್ಕೆ ಹಿನ್ನೆಲೆಯಾಗಿತ್ತು. ಆದರೂ ಆಸ್ಟ್ರಿಯಾದ ಬುರ್ಗೆನ್‌ಲಾಂಡ್ ಪ್ರಾಂತದಲ್ಲಿ ಇದೇ ಬಗೆಯ ತಳಿಗಳಿಂದ ತಯಾರಾಗುವ ಊಹುಡ್ಲರ್ ಎಂಬ ವೈನ್‌ಗೆ ಸ್ಥಳೀಯರ ಒತ್ತಾಯದಿಂದ ಮತ್ತೆ ಅನುಮತಿ ದೊರೆಯಿತು.

ಒಂದೆಡೆ ದೋಷವೆನಿಸಿದ ಪರಿಮಳ ಇನ್ನೊಂದೆಡೆ ಊರಿನ ಗುರುತಾಗಬಹುದು ಎಂಬುದಕ್ಕೆ ಇದು ನಿದರ್ಶನ. ಸಿಹಿಯಿಲ್ಲದ ಗಂಭೀರ ವೈನ್‌ಗೆ ಬೆಂಗಳೂರು ಬ್ಲೂ ಒಗ್ಗುವುದಿಲ್ಲವೆಂಬ ಅಭಿಪ್ರಾಯ ವೃತ್ತಿಪರರಲ್ಲಿ ಸಾಮಾನ್ಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರು ಬ್ಲೂ ತಳಿಯನ್ನು ಬ್ಲ್ಯಾಕ್ ಚಂಪಾದೊಂದಿಗೆ ಸಂಕರಿಸಿ 'ಅರ್ಕಾ ಶ್ಯಾಮ್' ತಳಿಯನ್ನೂ, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್‌ನೊಂದಿಗೆ ಸಂಕರಿಸಿ ವೈನ್‌ಗೆ ಸೂಕ್ತವಾದ 'ಅರ್ಕಾ ತೃಷ್ಣಾ' ತಳಿಯನ್ನೂ ಅಭಿವೃದ್ಧಿಪಡಿಸಿದ್ದಾರೆ.

ಆಹಾರದೊಂದಿಗೆ ಹೊಂದಾಣಿಕೆ

ಆಹಾರ ಮತ್ತು ವೈನಿನ ಹೊಂದಾಣಿಕೆಯ ನಿಯಮಗಳು ಐರೋಪ್ಯ ಅಡುಗೆಯನ್ನು ಆಧರಿಸಿವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಮದ್ಯಸಾರ ಎರಡೂ ಬಾಯಿಯಲ್ಲಿ ಉರಿಯನ್ನು ಗ್ರಹಿಸುವ ಒಂದೇ ನರಗ್ರಾಹಿಯನ್ನು ಪ್ರಚೋದಿಸುವುದರಿಂದ ಖಾರದ ಸಾರಿನೊಂದಿಗೆ ಗಟ್ಟಿ ಕೆಂಪು ವೈನ್ ಉರಿಯನ್ನು ಹೆಚ್ಚಿಸುತ್ತದೆ. ಮದ್ಯಸಾರ ಕಡಿಮೆಯಿರುವ, ತುಸು ಸಿಹಿಯಾದ ಬಿಳಿ ವೈನ್ ಅದನ್ನು ತಗ್ಗಿಸುತ್ತದೆ. ತುಪ್ಪ ಹಾಕಿ ಗರಿಗರಿಯಾಗಿ ಹುಯ್ದ ಮುಳಬಾಗಿಲು ದೋಸೆಯಂತಹ ಜಿಡ್ಡಿನ ತಿಂಡಿಗೆ ಹುಳಿಯುಳ್ಳ ಅಥವಾ ಗುಳ್ಳೆಗಳಿರುವ ವೈನ್ ಹೊಂದುತ್ತದೆ. ಹುಣಿಸೆಹುಳಿ ಹೆಚ್ಚಿದ್ದರೆ ವೈನಿನ ಹುಳಿ ಅದಕ್ಕಿಂತ ಕಡಿಮೆಯಾಗಿರಬಾರದು. ಕಡಿಮೆಯಾದರೆ ವೈನ್ ಸಪ್ಪೆಯೆನಿಸುತ್ತದೆ.

ಪರಿಮಳವನ್ನು ವರ್ಣಿಸುವಾಗಲೂ ಪಾಶ್ಚಾತ್ಯ ಹಣ್ಣುಗಳ ಹೆಸರುಗಳೇ ಬೇಕೆಂದಿಲ್ಲ. ತಿಂದು ತಿಳಿಯದ ಗೂಸ್‌ಬೆರಿಯನ್ನು ಹೆಸರಿಸುವುದಕ್ಕಿಂತ, ಶ್ರೀನಿವಾಸಪುರದ ತೋತಾಪುರಿ ಮಾವಿನಕಾಯಿಯ ಹುಳಿ, ರಸಪುರಿಯ ಸಿಹಿ, ನೇರಳೆಯ ಒಗರು, ಮೊದಲ ಮಳೆಗೆ ನೆನೆದ ಮಾಲೂರು ಹೆಂಚಿನ ವಾಸನೆ ಎಂದು ಬರೆದರೆ ಬರೆದವರಿಗೂ ಓದಿದವರಿಗೂ ಅರ್ಥ ಸ್ಪಷ್ಟವಾಗುತ್ತದೆ. ಪರಿಮಳ ಚಕ್ರದ ಮೂಲ ಉದ್ದೇಶವೂ ಎಲ್ಲರಿಗೂ ಪರಿಚಿತವಾದ ವಸ್ತುಗಳ ಮೂಲಕ ಮಾತನಾಡುವುದೇ ಆಗಿದೆ.

ವಿಶ್ವಾಸಾರ್ಹತೆ

ಆಸ್ವಾದನೆಯ ತೀರ್ಪುಗಳು ಎಷ್ಟು ನಂಬಲರ್ಹ ಎಂಬ ಬಗ್ಗೆ ಚರ್ಚೆಯಿದೆ. 1976ರ ಮೇ 24ರಂದು ಸ್ಟೀವನ್ ಸ್ಪರಿಯರ್ ಪ್ಯಾರಿಸ್ಸಿನಲ್ಲಿ ಏರ್ಪಡಿಸಿದ ಕುರುಡು ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರು ಕೆಂಪು ಮತ್ತು ಬಿಳಿ ಎರಡೂ ವಿಭಾಗಗಳಲ್ಲಿ ಕ್ಯಾಲಿಫೋರ್ನಿಯಾದ ವೈನ್‌ಗಳಿಗೆ ಮೊದಲ ಸ್ಥಾನ ನೀಡಿದರು. ಹೆಸರು ಕಾಣದಿದ್ದಾಗ ಹೊಸ ಪ್ರದೇಶವೂ ಗೆಲ್ಲಬಹುದೆಂಬುದನ್ನು ಇದು ತೋರಿಸಿತು.

2001ರಲ್ಲಿ ಬೋರ್ಡೊ ನಗರದ ಸಂಶೋಧಕರು ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ನೀಡಿದಾಗ, ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಮೂಗನ್ನು ಆಳುತ್ತದೆ ಎಂಬುದು ಇದರ ತಾತ್ಪರ್ಯ. ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರ ತೀರ್ಪುಗಾರರಿಗೆ ಒಂದೇ ವೈನನ್ನು ತಿಳಿಸದೆ ಮೂರು ಬಾರಿ ನೀಡಲಾಯಿತು. ಸುಮಾರು ಶೇಕಡಾ 10ರಷ್ಟು ಮಂದಿ ಮಾತ್ರ ಮೂರು ಬಾರಿಯೂ ಒಂದೇ ಶ್ರೇಣಿಯ ಅಂಕಗಳನ್ನು ನೀಡಿದರು. ಆದ್ದರಿಂದ ಒಬ್ಬರ ಅಂಕಕ್ಕಿಂತ ಹಲವರ ಬರಹಗಳನ್ನು ಹೋಲಿಸುವುದು ಹೆಚ್ಚು ಉಪಯುಕ್ತ.

ಆರೋಗ್ಯ ಮತ್ತು ಕಾನೂನು

ಸಾಮಾನ್ಯ ವೈನಿನಲ್ಲಿ ಶೇಕಡಾ 12ರಿಂದ 14ರಷ್ಟು ಮದ್ಯಸಾರವಿರುತ್ತದೆ. ಐದು ಬಗೆಯ ವೈನ್‌ಗಳನ್ನು ತಲಾ 50 ಮಿಲಿಲೀಟರಿನಂತೆ ನುಂಗಿದರೆ ಒಟ್ಟು 250 ಮಿಲಿಲೀಟರ್ ಆಗುತ್ತದೆ. ಶೇಕಡಾ 13ರ ಲೆಕ್ಕದಲ್ಲಿ ಅದರಲ್ಲಿರುವ ಶುದ್ಧ ಮದ್ಯಸಾರ ಸುಮಾರು 26 ಗ್ರಾಂ. 'ರುಚಿ ನೋಡಿದ್ದಷ್ಟೇ' ಎಂಬ ಭಾವನೆಯಿದ್ದರೂ, ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಲ್ಲಿ ಹೇಳಿರುವ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿಯನ್ನು ಮೀರಲು ಇಷ್ಟು ಸಾಕಾಗಬಹುದು. ಉಗಿಯುವ ಪದ್ಧತಿಯ ಪ್ರಯೋಜನ ಇಲ್ಲಿದೆ. ಉಗಿದರೂ ಸ್ವಲ್ಪ ಮದ್ಯಸಾರ ದೇಹಕ್ಕೆ ಸೇರುವುದರಿಂದ ವಾಹನ ಚಲಾಯಿಸದಿರುವುದೇ ಕ್ಷೇಮ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಪ್ರಚಾರದಲ್ಲಿದೆ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯಪಾನೀಯಗಳನ್ನು 1988ರಲ್ಲಿಯೇ ಮೊದಲ ವರ್ಗದ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ತಿಳಿಸಿತು. ಗರ್ಭಿಣಿಯರು, ಯಕೃತ್ತಿನ ಕಾಯಿಲೆಯುಳ್ಳವರು ಮತ್ತು ವ್ಯಸನದಿಂದ ಹೊರಬಂದವರು ಇದರಿಂದ ದೂರವಿರಬೇಕು. ಕರ್ನಾಟಕದ 1967ರ ಅಬಕಾರಿ ನಿಯಮಗಳು 21 ವರ್ಷದೊಳಗಿನವರಿಗೆ ಮದ್ಯ ಮಾರುವುದನ್ನು ನಿರ್ಬಂಧಿಸುತ್ತವೆ. ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ಸರ್ಕಾರಗಳು ಪ್ರಯತ್ನಿಸಬೇಕೆಂದು ಭಾರತ ಸಂವಿಧಾನದ 47ನೆಯ ಅನುಚ್ಛೇದ ನಿರ್ದೇಶಿಸುತ್ತದೆ. ದ್ರಾಕ್ಷಿ ಬೆಳೆಗಾರರ ಹಿತಕ್ಕಾಗಿ ವೈನ್ ಉದ್ಯಮವನ್ನು ಪ್ರೋತ್ಸಾಹಿಸುವ ನೀತಿಗೂ ಈ ನಿರ್ದೇಶನಕ್ಕೂ ನಡುವಿನ ಬಿಕ್ಕಟ್ಟು ಸಾರ್ವಜನಿಕ ಚರ್ಚೆಯ ವಿಷಯವಾಗಿ ಉಳಿದಿದೆ.

ಇವನ್ನೂ ನೋಡಿ

• ದ್ರಾಕ್ಷಿ
• ಬೆಂಗಳೂರು ಬ್ಲೂ
• ನಂದಿಬೆಟ್ಟ
• ಕೋಲಾರ ಜಿಲ್ಲೆ
• ಷಡ್ರಸ
• ಭೌಗೋಳಿಕ ಸೂಚಕ